ಎಡಗಡೆಯ ಗೀರುಗಳು

ಸೊಸೆ ಬಸ್ಸಿಳಿದು ಮನೆಗೆ ಬಂದಾಗ ಮಾವ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿ, ಮೊಮ್ಮಗಳ ಉಗುರುಬಣ್ಣದ ಸೀಸೆ ಹಿಡಿದು ಬ್ಯಾಟರಿಯ ಮೇಲೆ ಗುರುತು ಹಾಕುತ್ತಿದ್ದರು. ನಾಲ್ಕು ಟೈರುಗಳಿಗೂ ಆಗಲೇ ಒಂದೊಂದು ಕಡುಗೆಂಪು ಬೊಟ್ಟು ಬಿದ್ದಿತ್ತು. ಸ್ಟೆಪ್ನಿಗೆ ಎರಡು. ವೈಪರ್ ಕಡ್ಡಿಗಳನ್ನೂ ಬಿಟ್ಟಿರಲಿಲ್ಲ.

"ಇದೇನು ಮಾವ?"

"ನಾಳೆ ನಿನ್ನ ಪೇಂಟರ್ ಕೈಗೆ ಗಾಡಿ ಹೋಗುತ್ತಲ್ಲ. ಕೊಟ್ಟಿದ್ದೇ ವಾಪಸ್ ಬರುತ್ತೋ, ಅರ್ಧ ಸಾಮಾನು ಬದಲಾಗಿ ಬರುತ್ತೋ, ಗೊತ್ತಾಗಬೇಕು ತಾನೇ?"

"ನನ್ನ ಪೇಂಟರ್ ಅಲ್ಲ ಅವರು."

"ಹುಡುಕಿದವಳು ನೀನೇ ಅಲ್ವಾ?"

ಸೊಸೆ ಹೆಗಲ ಚೀಲ ಇಳಿಸಿದಳು. ಬೆಳಗ್ಗೆ ಐದೂವರೆಗೆ ಹೊರಟವಳು. ಹನ್ನೊಂದು ಮನೆ ಹತ್ತಿಳಿದು, ಹನ್ನೊಂದು ತೋಳಿನಲ್ಲಿ ನರ ಹುಡುಕಿ, ರಕ್ತದ ಟ್ಯೂಬುಗಳನ್ನು ಐಸ್ ಡಬ್ಬದಲ್ಲಿಟ್ಟು ಹೆಗಲಿಗೇರಿಸಿ, ಎರಡು ಬಸ್ಸು ಬದಲಾಯಿಸಿ ಲ್ಯಾಬಿಗೆ ಮುಟ್ಟಿಸಿ ಬಂದಿದ್ದಳು. ಜಗಳಕ್ಕೂ ಒಂದಿಷ್ಟು ತ್ರಾಣ ಬೇಕು.

ಈ ಬಣ್ಣದ ಸಂಗತಿ ಶುರುವಾದದ್ದೇ ಲ್ಯಾಬಿನಿಂದ. ಊರಾಚೆ ಎದ್ದಿರುವ ಹೊಸ ಬಡಾವಣೆಗಳಿಗೆ ಹೋಗಿ ರಕ್ತ ತರಲು ಒಬ್ಬರು ಬೇಕು, ಸ್ವಂತ ಕಾರಿದ್ದವರಿಗೇ ಆ ಕೆಲಸ, ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಕಾಯಂ ನೌಕರಿ ಎಂದು ಮೇಲ್ವಿಚಾರಕಿ ಹೇಳಿದ್ದರು. ಆರು ವರ್ಷದಿಂದ ದಿನಗೂಲಿಗೆ ಚುಚ್ಚುತ್ತಿದ್ದ ಸೊಸೆಗೆ ಅದನ್ನು ಕೇಳಿ ಕಿವಿ ನೆಟ್ಟಗಾಯಿತು. "ಆದ್ರೆ ಕಾರು ನೋಡೋ ಹಾಗಿರ್ಬೇಕು ಕಣಮ್ಮ," ಎಂದಿದ್ದರು ಮೇಲ್ವಿಚಾರಕಿ. "ಎಲ್ಲೋ ಗುದ್ದಿಕೊಂಡು ಬಂದ ಹಾಗಿರೋ ಕಾರು ಮನೆ ಮುಂದೆ ನಿಂತ್ರೆ, ಇವಳು ಸೂಜಿ ಹೇಗೆ ಹಿಡೀತಾಳೋ ಅಂತ ಪೇಷೆಂಟ್ ಹೆದರ್ಕೊಳ್ತಾರೆ."

ಕಾರು ಹಾಗೇ ಇತ್ತು. ಹತ್ತೊಂಬತ್ತು ವರ್ಷದ ಬಿಳಿ ಕಾರು. ಬಲಗಡೆಯಿಂದ ನೋಡಿದರೆ ಮದುವೆಗೆ ಹೊರಟ ಹಾಗೆ, ಎಡಗಡೆಯಿಂದ ನೋಡಿದರೆ ಪೊಲೀಸರು ಹಿಡಿದು ತಂದ ಹಾಗೆ. ಎಡಗಡೆಯ ಹೆಡ್‌ಲೈಟು ಸೀಳಿತ್ತು, ಕನ್ನಡಿ ಟೇಪಿನ ಮೇಲೆ ಜೀವ ಹಿಡಿದಿತ್ತು, ಮುಂದಿನ ಬಾಗಿಲಿಂದ ಹಿಂದಿನ ಬಾಗಿಲ ತನಕ ಗೀರುಗಳು, ತಗ್ಗುಗಳು, ತಗ್ಗಿನಲ್ಲಿ ತುಕ್ಕು, ನಡುನಡುವೆ ಹಳದಿ ಕಲೆ. ಮಾವ ಅದನ್ನು ಯಾವಾಗಲೂ ಎಡಗಡೆ ಕಾಂಪೌಂಡ್ ಗೋಡೆಗೆ ಅಂಟುವ ಹಾಗೆ ನಿಲ್ಲಿಸುತ್ತಿದ್ದರು. ಅತ್ತೆ ಗೇಟಿನ ಹೊರಗೆ ನಿಂತು ಕಾರು ಹತ್ತುವುದು ರೂಢಿಯಾಗಿತ್ತು.

ಮಾವ ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ಸುತ್ತಲ ನಾಲ್ಕು ಬೀದಿಗೆ ಅವರು ಕ್ಲಚ್ ಮೇಷ್ಟ್ರು. ಹೆತ್ತ ಮಗನಿಗಿಂತ ಕಾರಿಗೇ ಹೆಚ್ಚು ಸಲ ಸ್ನಾನ ಮಾಡಿಸಿದ್ದಾರೆ ಎಂದು ಅತ್ತೆ ಹಂಗಿಸುವುದುಂಟು. ಸೊಸೆ ಲೈಸೆನ್ಸ್ ಪಡೆದದ್ದು ಎರಡು ವರ್ಷದ ಹಿಂದೆ, ಅದೂ ಬೇರೆ ಸ್ಕೂಲಿನಲ್ಲಿ. ಮಾವನ ಹತ್ತಿರ ಎರಡು ದಿನ ಕಲಿತು, ಅವರ ಬಾಯಿಗೆ ಹೆದರಿ ಬಿಟ್ಟಿದ್ದಳು. ಆಮೇಲೆ ಭಾನುವಾರದ ಸಂತೆಗೆ ಅವಳೇ ಕಾರು ಒಯ್ಯುತ್ತಿದ್ದಳು. ಯಾವ ಗೀರು ಯಾವ ದಿನ ಕಣ್ಣಿಗೆ ಬಿದ್ದರೂ ಅದರ ಹಿಂದಿನ ಭಾನುವಾರದ ತಲೆಗೇ ಕಟ್ಟಲಾಗುತ್ತಿತ್ತು. ಆರು ತಿಂಗಳ ಹಿಂದೆ ಹೆಡ್‌ಲೈಟು ಸೀಳಿದ ವಾರ ಮಾವ ಕೀ ಕಸಿದುಕೊಂಡು ತಮ್ಮ ಅಂಗಿ ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ಅದು ಆ ಜೇಬಿನಲ್ಲೇ ಇದೆ. ಅಂಗಿ ಒಗೆಯುವಾಗ ಮಾತ್ರ ತಲೆದಿಂಬಿನ ಕೆಳಗೆ.

"ಬಣ್ಣ ನಿನ್ನ ದುಡ್ಡಲ್ಲಿ ಹಾಕಿಸ್ತೀಯ, ಹಾಕಿಸು," ಊಟಕ್ಕೆ ಕೂತಾಗ ಮಾವ ಹೇಳಿದರು. "ಕೀ ವಿಷಯ ಬೇರೆ."

"ಕೀ ಇಲ್ದೆ ಬಣ್ಣ ಇಟ್ಕೊಂಡು ನಾನೇನ್ ಮಾಡ್ಲಿ? ಒಂದನೇ ತಾರೀಕು ಗಾಡಿ ತಗೊಂಡು ಹೋಗದಿದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ ಮಾವ."

"ನನ್ನ ಹತ್ರ ಕಲಿತವರು ಸಾವಿರ ಜನ ಇದಾರೆ. ಒಬ್ಬರೂ ಗೇಟಿನ ಕಂಬಕ್ಕೆ ಗಾಡಿ ಉಜ್ಜಿಲ್ಲ."

"ನಾನೂ ಉಜ್ಜಿಲ್ಲ."

"ಹಾಗಾದ್ರೆ ಕಂಬವೇ ಬಂದು ಮೈ ಉಜ್ಕೊಂಡು ಹೋಯ್ತು ಅನ್ನು."

ಗಂಡ ಕಿಸಕ್ಕನೆ ನಕ್ಕ. ಹೆಂಡತಿ ತನ್ನ ಕಡೆ ತಿರುಗಿದ್ದು ಕಂಡು ನೀರಿನ ಲೋಟಕ್ಕೆ ಕೈ ಹಾಕಿದ. ಅವನು ಅಚ್ಚುಕೂಟವೊಂದರಲ್ಲಿ ಪ್ರೂಫ್ ನೋಡುವವನು. ತಪ್ಪು ಹುಡುಕುವುದಕ್ಕೇ ಅವನಿಗೆ ಸಂಬಳ, ಮನೆಗೆ ಬಂದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ.

"ನನ್ನ ಕೇಳಿದ್ರೆ ಬಣ್ಣವೇ ಬೇಡ," ಎಂದರು ಅತ್ತೆ, ಮೊಮ್ಮಗಳ ತಟ್ಟೆಗೆ ಆಲೂಗಡ್ಡೆ ಬಡಿಸುತ್ತ. "ಓಡುತ್ತಲ್ಲ, ಸಾಕು. ಹಳೇ ಗಾಡಿ ಕೆರೆದ್ರೆ ಒಳಗಿಂದ ಏನೇನು ಹೊರಗೆ ಬರುತ್ತೋ."

"ಏನು ಬರುತ್ತೆ ಅತ್ತೆ?"

"ತುಕ್ಕು ಕಣೇ. ಇನ್ನೇನು ಬರುತ್ತೆ?"

ಮೊದಲು ಬಣ್ಣ ಆಗಲಿ, ಕೀ ಮಾತು ಆಮೇಲೆ ಎಂದು ಮಾವ ಎದ್ದು ಕೈ ತೊಳೆದರು. ಆ 'ಆಮೇಲೆ' ಎಂಬ ಮಾತಿನ ಮೇಲೆ ಸೊಸೆ ತನ್ನ ಮೂರು ವರ್ಷದ ಉಳಿತಾಯ ಸುರಿಯುವುದಕ್ಕೆ ಹೊರಟಿದ್ದಳು.

ಮರುದಿನ ಕಾರನ್ನು ಮಾವನೇ ಓಡಿಸಿಕೊಂಡು ಹೋದರು. ಮುಂದೆ ಎಡಗಡೆ ಅತ್ತೆ, ಹಿಂದೆ ಗಂಡ ಹೆಂಡತಿ. ಒಂದು ವರ್ಷದ ಮೇಲಾಯಿತು, ಆ ಸೀಟು ಅತ್ತೆಯದು. ಕಾರು ಕ್ಷೌರದಂಗಡಿಗೆ ಹೊರಟರೂ ಅವರು ಹೊರಡುತ್ತಿದ್ದರು. ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲ. "ಅಗೋ, ಎಡಗಡೆ ಸೈಕಲ್ಲು. ಅಗೋ, ಎಡಗಡೆ ತರಕಾರಿ ಗಾಡಿ. ಅಯ್ಯೋ ಆ ನಾಯಿ ನೋಡಿ!" ಮೂವತ್ತೊಂದು ವರ್ಷ ಕಲಿಸಿದವರಿಗೇ ಪಾಠ ಎಂದು ಹಿಂದೆ ಕೂತವರು ಕಣ್ಣಲ್ಲೇ ನಕ್ಕರು.

ಪೇಂಟರ್ ಕೆಲಸ ಮಾಡುತ್ತಿದ್ದದ್ದು ತನ್ನ ಮನೆಯ ಹಿತ್ತಲಿನ ತಗಡಿನ ಚಪ್ಪರದಲ್ಲಿ. ಮಾತು ಕಡಿಮೆ. ಒಂದು ತೆಳು ಬಟ್ಟೆ ಕಾರಿನ ಮೇಲೆ ಹರಡಿ, ಕಣ್ಣು ಮುಚ್ಚಿಕೊಂಡು, ಬಟ್ಟೆಯ ಮೇಲೆ ಅಂಗೈ ಸವರುತ್ತ ಎಡಗಡೆ ಮುಂದಿನಿಂದ ಹಿಂದಿನ ತನಕ ನಡೆದ. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ ಎಂದ.

"ದೊಡ್ಡ ಗ್ಯಾರೇಜಿನವರು ಹೇಳಿದ್ರಲ್ಲಿ ನಿಮ್ಮದು ಅರ್ಧ ರೇಟು," ಗಂಡ ಶುರು ಮಾಡಿದ. "ಹೇಗೆ ಬರುತ್ತೆ? ಅರ್ಧ ಬಣ್ಣ ಹಾಕ್ತೀರಾ?"

"ಬಣ್ಣ ಒಣಗಿಸೋ ರೂಮು ನನ್ನ ಹತ್ರ ಇಲ್ಲ ಸಾರ್. ಬಿಸಿಲಲ್ಲಿ ಒಣಗುತ್ತೆ. ಬಿಸಿಲಿಗೆ ಬಿಲ್ಲಿಲ್ಲ. ಗಾಳಿ ಎದ್ದು ಧೂಳು ಹಾರೋ ಮುಂಚೆ, ಬೆಳಗ್ಗೆ ಎರಡು ಗಂಟೆ ಮಾತ್ರ ಹೊಡೀತೀನಿ. ಅದಕ್ಕೇ ಮೂರು ವಾರ ಕೇಳಿದ್ದು."

"ಆದ್ರೂ ನಮ್ಮ ಮೇಲೆ ಯಾಕೆ ಇಷ್ಟು ಪ್ರೀತಿ?"

"ಅಕ್ಕ ನಮ್ಮಮ್ಮನ ರಕ್ತ ತಗೊಳ್ಳೋಕೆ ಬರ್ತಾರೆ. ಬೇರೆಯವರು ಮೂರು ಮೂರು ಸಲ ಚುಚ್ತಿದ್ರು. ಇವರು ಒಂದೇ ಸಲ."

ಗಂಡನಿಗೆ ಆ ಉತ್ತರ ರುಚಿಸಲಿಲ್ಲ. ಮನೆಗೆ ನಡೆದು ಬರುವಾಗ ಕೇಳಿಯೇ ಕೇಳಿದ. "ಎಷ್ಟು ಸಲ ಹೋಗಿದೀಯ ಅವರ ಮನೆಗೆ?"

"ಅವರಮ್ಮನ ಸಕ್ಕರೆ ಎಷ್ಟು ಸಲ ಏರಿದೆಯೋ ಅಷ್ಟು ಸಲ. ಬೇಕಾದ್ರೆ ರಿಪೋರ್ಟ್ ತಂದ್ಕೊಡ್ತೀನಿ, ಪ್ರೂಫ್ ನೋಡಿ."

ಮುಂದಿನ ಎರಡು ವಾರ ಮನೆ ಮನೆಯಾಗಿ ಉಳಿಯಲಿಲ್ಲ. ಮಾವ ಬೆಳಗಿನ ತಿಂಡಿ ಮುಗಿದದ್ದೇ ಮಡಚುವ ಕುರ್ಚಿ, ಚಹಾದ ಫ್ಲಾಸ್ಕು ಹಿಡಿದು ಪೇಂಟರಿನ ಹಿತ್ತಲಿಗೆ ಹೊರಡುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು, ಇಲ್ಲದಿದ್ದರೆ ಹೊಸ ಹಾರ್ನು ಬಿಚ್ಚಿ ಹಳೆಯದು ಕೂರಿಸುತ್ತಾನೆ ಎನ್ನುತ್ತಿದ್ದರು. ಅತ್ತೆಯೂ ಜೊತೆಗೆ. ಮಂಡಿ ನೋವು ಎಂದು ಮಹಡಿ ಹತ್ತದ ಅತ್ತೆ ಮಾವನ ಎಡಗಡೆ ತೋಳು ಹಿಡಿದು ದಿನಾ ಹತ್ತು ನಿಮಿಷದ ದಾರಿ ನಡೆದು ಹೋಗಿ, ನಡೆದು ಬರುತ್ತಿದ್ದರು. ಮನೆಯ ಒಲೆ ತಣ್ಣಗೆ. ಸೊಸೆ ಬಂದು ಏನಾದರೂ ಬೇಯಿಸಿದರೆ ಉಂಟು, ಇಲ್ಲವಾದರೆ ಬ್ರೆಡ್ಡು, ಮೊಟ್ಟೆ.

"ಇವತ್ತೂ ಮೊಟ್ಟೆನಾ?" ಎಂದ ಗಂಡ ನಾಲ್ಕನೇ ದಿನ.

"ನಿಮ್ಮಮ್ಮ ಕಾರು ಕಾಯೋಕೆ ಹೋಗಿದಾರೆ. ನಾನು ರಕ್ತ ತೆಗೆದು ಬಂದಿದೀನಿ. ನಿಮ್ಮ ಕೈಗೇನಾಗಿದೆ?"

ಅವತ್ತು ಗಂಡ ಅನ್ನ ಮಾಡಿದ. ನೀರು ಹೆಚ್ಚಾಗಿತ್ತು. ಯಾರೂ ತಪ್ಪು ಹುಡುಕದೆ ತಿಂದರು.

ಹಿತ್ತಲಿನಲ್ಲಿ ಕಾರಿನ ಸ್ವರೂಪ ದಿನಕ್ಕೊಂದು. ಮೊದಲು ತಗ್ಗುಗಳನ್ನು ಒಳಗಿನಿಂದ ತಟ್ಟಿ ಎಬ್ಬಿಸಿದ. ತುಕ್ಕು ಕೆರೆದ. ಬೂದು ಬಣ್ಣದ ಪುಟ್ಟಿ ಮೆತ್ತಿ, ಒಣಗಿದ ಮೇಲೆ ನೀರು ಹಾಕಿ ಹಾಕಿ ಎಮರಿ ಪೇಪರಿನಲ್ಲಿ ಉಜ್ಜಿದ. ಗಾಜುಗಳಿಗೆಲ್ಲ ಹಳೇ ಪೇಪರು ಅಂಟಿಸಿ ಟೇಪು ಎಳೆದ. ಮಾವ ಕುರ್ಚಿಯಿಂದಲೇ ಸಲಹೆ ಕೊಡುತ್ತಿದ್ದರು, ಅವನು "ಆಯ್ತು ಮೇಷ್ಟ್ರೇ" ಎನ್ನುತ್ತ ತನಗೆ ತೋಚಿದಂತೆ ಮಾಡುತ್ತಿದ್ದ.

ಎರಡನೆಯ ಭಾನುವಾರ ಮನೆಯವರೆಲ್ಲ ನೋಡಲು ಹೋಗಿದ್ದಾಗ ಡಬ್ಬಿ ಸಿಕ್ಕಿತು. ಡಿಕ್ಕಿಯ ತಳದಲ್ಲಿ ತುಕ್ಕು ಇದೆಯೇನೋ ಎಂದು ಪೇಂಟರ್ ಸ್ಟೆಪ್ನಿ ಎತ್ತಿದ. ಅದರ ಕೆಳಗೆ ಹಳೇ ಬನಿಯನ್ನಿನ ತುಂಡಿನಲ್ಲಿ ಸುತ್ತಿದ ಒಂದು ಪುಟ್ಟ ಬಣ್ಣದ ಡಬ್ಬಿ, ಒಂದು ಸಣ್ಣ ಬ್ರಷ್ಷು.

"ಇದು ಯಾರದು?" ಗಂಡ ಕೇಳಿದ.

ಪೇಂಟರ್ ಮುಚ್ಚಳ ತೆಗೆದು ಒಳಗೆ ನೋಡಿ, ಬಾಗಿಲ ಮೇಲೆ ಇನ್ನೂ ಕೆರೆಯದೆ ಉಳಿದಿದ್ದ ಹಳದಿ ಕಲೆಯ ಪಕ್ಕ ಹಿಡಿದ. ಎರಡೂ ಒಂದೇ.

"ಯಾರೋ ಗೀರಿನ ಮೇಲೆ ಬಣ್ಣ ಬಳಿದು ಮುಚ್ಚಿದಾರೆ," ಎಂದ ಗಂಡ. ಹಾಗೆನ್ನುತ್ತ ಅವನ ಕಣ್ಣು ಸೀದಾ ಹೆಂಡತಿಯ ಮೇಲೆ ಬಂದು ನಿಂತಿತು. "ನೀನೇನಾದ್ರೂ..."

"ನಾನಾ?"

"ಬೈತಾರೆ ಅಂತ ಹೆದರಿ ಹಚ್ಚಿದ್ರೆ ಹೇಳಿಬಿಡು. ಅದರಲ್ಲೇನಿದೆ?"

ಸೊಸೆ ಮಾವನ ಕಡೆ ನೋಡಿದಳು. ಮಾವ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. "ನಂಗೇನು ಗೊತ್ತು," ಎಂದರು. "ಬಿಗಿಯಾಗಿ ಕೂತ್ಬಿಟ್ಟಿದೆ ಇದು." ಅತ್ತೆ ಮೊಮ್ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಶುರು ಮಾಡಿದರು. ಅದು ಚೆನ್ನಾಗಿಯೇ ಇತ್ತು.

ಬೀದಿಯವರೆಗೂ ಸೊಸೆ ಅಳು ತಡೆದುಕೊಂಡಳು. ಅವಳಿಗೆ ಗೀರಿನ ಸಿಟ್ಟಿರಲಿಲ್ಲ. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಉಂಡು, ಕಟ್ಟಿಕೊಂಡ ಗಂಡನೇ ಕಳ್ಳಿಯನ್ನು ಹುಡುಕುವಾಗ ಮೊದಲು ತನ್ನ ಮುಖ ನೋಡಿದನಲ್ಲ, ಅದರ ಸಿಟ್ಟು.

ಮರುದಿನ ಪೇಂಟರಿನ ತಾಯಿಯ ರಕ್ತ ತೆಗೆಯುವ ಸರದಿ. ಮುದುಕಿ ತೋಳು ಚಾಚಿ ಕೂತಿದ್ದರು. ಮಾವ ಇನ್ನೂ ಕಾವಲಿಗೆ ಬಂದಿರಲಿಲ್ಲ. ಪೇಂಟರ್ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತ.

"ಅಕ್ಕಾ, ನಿಮ್ಮನೆ ವಿಷಯಕ್ಕೆ ನಾನು ಬಾಯಿ ಹಾಕಬಾರದು. ಆದ್ರೆ ನಿನ್ನೆ ನಿಮ್ಮ ಮುಖ ನೋಡೋಕಾಗ್ಲಿಲ್ಲ. ನೀವು ಕಾರು ಮುಟ್ಟಿ ಎಷ್ಟು ದಿನ ಆಯ್ತು?"

"ಆರು ತಿಂಗಳು."

"ಗಾಡಿ ಬಂದ ದಿನ ಬಾಗಿಲ ಕೆಳಗಿನ ಎರಡು ಕಲೆ ಉಗುರು ಒತ್ತಿದ್ರೆ ಅಚ್ಚು ಬೀಳ್ತಿತ್ತು. ಹಚ್ಚಿ ಹದಿನೈದು ದಿನನೂ ಆಗಿರ್ಲಿಲ್ಲ. ಇನ್ನೊಂದು ಮಾತು. ನಿಮ್ಮ ಕಾರು ಬಿಳಿ. ಆ ಡಬ್ಬಿಯಲ್ಲಿರೋದು ಕೆನೆ ಬಣ್ಣ. ಗೀರು ಮುಚ್ಚೋಕೆ ಹೊರಟವರು ಬೇರೆ ಬಣ್ಣ ಯಾಕೆ ಹಚ್ತಾರೆ? ಹಚ್ಚಿದವರಿಗೆ ಎರಡೂ ಒಂದೇ ಥರ ಕಾಣುತ್ತೆ ಅಂತ ತಾನೇ?"

"ನಂಗೂ ಹಾಗೇ ಆಗಿತ್ತು ಕಣೇ," ಎಂದರು ಮುದುಕಿ, ಹತ್ತಿ ಒತ್ತಿಕೊಂಡು. "ಕಣ್ಣಿನ ಪೊರೆ ತೆಗೆಸೋ ತನಕ ಬಿಳಿ ಯಾವ್ದು, ಹಳದಿ ಯಾವ್ದು ಒಂದೂ ತಿಳೀತಿರ್ಲಿಲ್ಲ. ಮಗ ಸುಣ್ಣ ಹೊಡೆದ್ರೆ, ಹಳದಿ ಯಾಕೋ ಬಳಿದೆ ಅಂತ ಬೈದಿದ್ದೆ."

ಸೊಸೆ ಟ್ಯೂಬಿಗೆ ಚೀಟಿ ಅಂಟಿಸುವುದನ್ನು ಮರೆತು ಕೂತಳು. ಆಮೇಲೆ ನೆನಪಾಗಿ ಅಂಟಿಸಿದಳು.

ಅನುಮಾನ ಬಂದಿತ್ತು, ನಂಬಿಕೆ ಬಂದಿರಲಿಲ್ಲ. ಮೂವತ್ತೊಂದು ವರ್ಷ ಸ್ಟಿಯರಿಂಗ್ ಹಿಡಿಸಿದ ಕ್ಲಚ್ ಮೇಷ್ಟ್ರು! ಮಂಗಳವಾರ ಅವಳಿಗೆ ರಜೆ. ಕಾರಿಲ್ಲದ ಕಾರಣ ಮಗಳನ್ನು ನಡೆಸಿಕೊಂಡು ಶಾಲೆಗೆ ಹೊರಟಳು. ಹುಡುಗಿಗೆ ನಡೆಯುವುದು ಬೇಸರ.

"ಕಾರಾದ್ರೆ ಎಡಗಡೆ ಆಟ ಆಡ್ಬೋದಿತ್ತು," ಎಂದಿತು ಮಗು.

"ಅದ್ಯಾವ ಆಟ?"

"ಅಜ್ಜಿ ಹೇಳ್ಕೊಟ್ಟಿದ್ದು. ಎಡಗಡೆ ಏನು ಬರುತ್ತೋ ಅದನ್ನ ಮೊದಲು ಕೂಗಿದವರು ಗೆದ್ರು. ಸೈಕಲ್ ಕೂಗಿದ್ರೆ ಒಂದು ಅಂಕ, ಮನುಷ್ಯರಿಗೆ ಎರಡು, ಕಂಬಕ್ಕೆ ಮೂರು. ಅಜ್ಜಿಗೆ ಮಂಡಿ ನೋವು ಬಂದು ಮಲಗಿದ್ರಲ್ಲ, ಆಗ ನಾನೇ ಮುಂದೆ ಕೂತು ಕೂಗಿದ್ದು. ಅಜ್ಜ ನಾನು ಕೂಗಿದಾಗೆಲ್ಲ ಬಲಗಡೆ ತಿರುಗಿಸ್ತಿದ್ರು. ಒಂದಿನ ಒಬ್ಬ ಅಂಕಲ್‌ನ ಕೂಗೋದು ಮರ್ತೆ. ಅವರು ಪಕ್ಕಕ್ಕೆ ಹಾರಿ ಬೈದ್ರು."

ತಾಯಿ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಹಿಂದಿನಿಂದ ಯಾರೋ ಬೆಲ್ಲು ಹೊಡೆದರು. ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಹುಡುಗಿ "ಅಮ್ಮಾ, ನೋವು" ಎಂದು ಕಿರುಚಿದಳು.

ಮನೆಗೆ ಹಿಂದಿರುಗಿದಾಗ ಅತ್ತೆ ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದರು. ಮಾವನನ್ನು ಹಿತ್ತಲಿಗೆ ಬಿಟ್ಟು ಬಂದಿದ್ದರು. ಸೊಸೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

"ಮಾವನಿಗೆ ಎಡಗಣ್ಣು ಕಾಣಲ್ಲ. ಅಲ್ವಾ ಅತ್ತೆ?"

ಅತ್ತೆಯ ಕೈ ನೀರಿನಲ್ಲೇ ನಿಂತಿತು.

"ಸುಳ್ಳು ಹೇಳ್ಬೇಡಿ. ನನ್ನ ಮಗಳನ್ನ ಅವರಿಗೆ ಕಣ್ಣು ಮಾಡಿ ಕೂರಿಸಿದೀರಿ. ಏಳು ವರ್ಷದ ಕೂಸು! ಅದು ಒಂದು ಸಲ ಕೂಗೋದು ಮರೆತಿದ್ರೆ ಇವತ್ತು ಒಂದು ಹೆಣ ಬೀಳ್ತಿತ್ತು."

"ಎರಡೇ ದಿನ ಕಣೇ. ನಂಗೆ ಏಳೋಕಾಗ್ಲಿಲ್ಲ..."

"ಎರಡು ದಿನನಾ? ಎಷ್ಟು ದಿನದಿಂದ ಗೊತ್ತು ನಿಮಗೆ?"

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ಹದಿನಾಲ್ಕು ತಿಂಗಳು," ಎಂದರು. "ಪೊರೆ ಬಂದು ಎಡಗಡೆ ಪೂರ್ತಿ ಹೋಗಿದೆ. ಬಲಗಡೆನೂ ಮಂಜು. ಆಪರೇಷನ್ ಮಾಡಿಸೋಣ ಅಂದ್ರೆ ಅವರಣ್ಣಂಗೆ ಹಿಂದೆ ಯಾವಾಗ್ಲೋ ಕೆಟ್ಟು ಕಣ್ಣೇ ಹೋಯ್ತು ಅಂತ ಹೆದರ್ತಾರೆ. ಡಾಕ್ಟ್ರ ಹತ್ರ ಹೋದ್ರೆ ಗಾಡಿ ಬಿಡು ಅಂತಾರೆ, ಗಾಡಿ ಬಿಟ್ರೆ ನಾನು ಯಾರು ಅಂತಾರೆ. ನಾನೇನ್ ಮಾಡ್ಲಿ? ನಾನೇ ಪಕ್ಕ ಕೂತೆ."

"ಮತ್ತೆ ಪ್ರತಿ ಗೀರಿಗೂ ನನ್ನ ಬೈಸಿದ್ರಲ್ಲ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಲ್ಲ ಅತ್ತೆ. ಮೊನ್ನೆ ಡಬ್ಬಿ ಸಿಕ್ಕಾಗ ಎಲ್ಲರ ಎದುರಿಗೆ ನಾನು ಕಳ್ಳಿ ಆದೆ. ನೀವು ಜಡೆ ಹಾಕ್ತಾ ಕೂತಿದ್ರಿ."

"ನೀನು ಚಿಕ್ಕವಳು," ಎಂದರು ಅತ್ತೆ. "ಎರಡು ಮಾತು ಅನ್ನಿಸ್ಕೊಂಡ್ರೆ ತಡ್ಕೊಳ್ತೀಯ ಅಂದ್ಕೊಂಡೆ. ಅವರು ತಡ್ಕೊಳಲ್ಲ."

ಸೊಸೆಗೆ ಕರುಣೆ ಬರಲಿಲ್ಲ. ಮಗಳನ್ನು ನೆನೆದರೆ ಬರುವುದೂ ತಪ್ಪೆನಿಸಿತು. "ಶನಿವಾರ ಕಾರು ಬರುತ್ತೆ," ಎಂದಳು. "ಅಷ್ಟರೊಳಗೆ ನೀವು ಹೇಳ್ಬೇಕು. ಇಲ್ಲಾಂದ್ರೆ ನಾನೇ ಹೇಳ್ತೀನಿ, ಬೀದಿಗೆಲ್ಲ ಕೇಳೋ ಹಾಗೆ ಹೇಳ್ತೀನಿ. ಕೀ ನಂಗೆ ಸಿಗದಿದ್ರೂ ಪರವಾಗಿಲ್ಲ, ಆ ಜೇಬಲ್ಲಂತೂ ಇರ್ಬಾರ್ದು."

"ನಾನೇ ಹೇಳ್ತೀನಿ. ಸುಮ್ನಿರು."

ಬುಧವಾರ ಅತ್ತೆ ಹೇಳಲಿಲ್ಲ. ಗುರುವಾರ ಮಾವನಿಗಿಷ್ಟವೆಂದು ಬದನೆಕಾಯಿ ಹುರಿದರು, ಆಗಲೂ ಹೇಳಲಿಲ್ಲ. ಶುಕ್ರವಾರ ಗಂಡ ಹೆಂಡತಿ ಮಾತಾಡದೆ ಉಣ್ಣುವುದನ್ನು ನೋಡಿ ಮಾವ, "ಏನು ಮೌನವ್ರತನಾ ಇಬ್ಬರಿಗೂ?" ಎಂದು ತಮಾಷೆ ಮಾಡಿದರು. ಸೊಸೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಇವರು ಕೈ ಕೊಡುತ್ತಾರೆ ಎಂದು ಅವಳಿಗೆ ಮುಕ್ಕಾಲು ಪಾಲು ಖಾತ್ರಿಯಾಗಿತ್ತು.

ಶನಿವಾರ ಎಲ್ಲರೂ ನಡೆದುಕೊಂಡೇ ಹಿತ್ತಲಿಗೆ ಹೋದರು. ಪೇಂಟರ್ ಪೇಪರು, ಟೇಪು ಎಲ್ಲ ಕಿತ್ತು, ಕಾರು ಒರೆಸಿ ನಿಲ್ಲಿಸಿದ್ದ. ಎಡಗಡೆಗೂ ಬಲಗಡೆಗೂ ವ್ಯತ್ಯಾಸವೇ ಇರಲಿಲ್ಲ. ಹತ್ತೊಂಬತ್ತು ವರ್ಷದ ಬಿಳಿಗೆ ಹೊಂದಲಿ ಎಂದು ಹೊಸ ಬಿಳಿಗೆ ಒಂದು ತೊಟ್ಟು ಕಪ್ಪು, ಅರ್ಧ ತೊಟ್ಟು ಹಳದಿ ಬೆರೆಸಿದ್ದನಂತೆ. ಹೊಸ ಹೆಡ್‌ಲೈಟು, ಹೊಸ ಕನ್ನಡಿ. ಗಂಡ ಎರಡು ಸುತ್ತು ಹಾಕಿದ, ತಪ್ಪು ಸಿಗಲಿಲ್ಲ. "ಚೆನ್ನಾಗಿದೆ," ಎಂದ, ನಾಲಿಗೆಗೆ ನೋವಾದವನ ಹಾಗೆ.

"ತಡೀರಿ, ತಡೀರಿ," ಎಂದರು ಮಾವ. "ನಂದು ಇನ್ನೂ ಆಗಿಲ್ಲ."

ಬಾನೆಟ್ ತೆಗೆಸಿದರು. ಬ್ಯಾಟರಿಯ ಮೇಲಿನ ಗುರುತು ಬೆರಳಲ್ಲಿ ತಡವಿ "ಇದೆ" ಎಂದರು. ಬಿಸಿಲು ಬಿದ್ದಿದ್ದ ಬಲಗಡೆ ಟೈರುಗಳ ಹತ್ತಿರ ಬಹಳ ಹೊತ್ತು ಕೂತು "ಇದೆ" ಎಂದರು. ಚಪ್ಪರದ ನೆರಳಿದ್ದ ಎಡಗಡೆಗೆ ಬಂದು ಮುಂದಿನ ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತರು. ಕತ್ತು ಓರೆ ಮಾಡಿದರು. ಇನ್ನೊಂದು ಕಡೆಗೂ ಓರೆ ಮಾಡಿದರು. ಎದ್ದರು.

"ಹ್ಞಾ! ನಾನು ಹೇಳಿರ್ಲಿಲ್ವಾ?" ಎಂದು ಮಗನ ಕಡೆ ತಿರುಗಿದರು. "ಟೈರ್ ಬದಲಾಯಿಸಿದಾನೆ. ಗುರುತಿಲ್ಲ!"

ಪೇಂಟರ್ ಟೈರಿನ ಕಡೆ ಬಗ್ಗಿ ನೋಡಿದ.

"ಎಲ್ಲಯ್ಯಾ ಗುರುತು? ತೋರಿಸು! ನನ್ನ ಕೈಯಾರೆ ಹಾಕಿದ್ದು. ವೈಪರಿಗೂ ಹಾಕಿದ್ದೆ, ಇಲ್ಲಿ, ಇದರಲ್ಲೂ ಇಲ್ಲ! ಬಲಗಡೆದೊಂದೇ ಇದೆ. ಹಗಲುಗಳ್ಳ! ಕ್ಲಚ್ ಮೇಷ್ಟ್ರ ಕಣ್ಣಿಗೇ ಮಣ್ಣೆರಚ್ತೀಯ?"

ಕರಿ ಟೈರಿನ ಮೇಲೆ ಕಡುಗೆಂಪು ಬೊಟ್ಟು ಅವರು ಹಾಕಿದ ಜಾಗದಲ್ಲೇ ಇತ್ತು. ಅವರ ಬೂಟಿನಿಂದ ಒಂದು ಗೇಣು ದೂರ. ಅವರ ಬೆರಳು ತೋರಿಸುತ್ತಿದ್ದ ವೈಪರಿನ ಮೇಲೆಯೂ ಇತ್ತು. ಎಲ್ಲರಿಗೂ ಕಾಣುತ್ತಿತ್ತು. ಗಂಡ ಟೈರು ನೋಡಿದ, ಅಪ್ಪನನ್ನು ನೋಡಿದ, ಮತ್ತೆ ಟೈರು ನೋಡಿದ.

"ಅಜ್ಜಾ, ಅಲ್ಲೇ ಇದೆಯಲ್ಲ," ಎಂದಿತು ಮಗು. "ಎಡಗಡೆ."

ಮಾವ ನಿಂತಲ್ಲೇ ನಿಂತರು. ಯಾರಾದರೂ ಮಗುವನ್ನು ಗದರಿಸಲಿ ಎಂದು ಕಾದ ಹಾಗಿತ್ತು. ಯಾರೂ ಗದರಿಸಲಿಲ್ಲ.

ಅತ್ತೆ ಮೊಮ್ಮಗಳ ಕೈ ಬಿಟ್ಟು ಮುಂದೆ ಬಂದರು. ಮಾವನ ಕೈ ಹಿಡಿದು ಬಗ್ಗಿಸಿ, ಅವರ ತೋರುಬೆರಳನ್ನು ಬೊಟ್ಟಿನ ಮೇಲೆ ಇಟ್ಟರು. "ಇದೆ ರೀ. ಇಲ್ಲೇ ಇದೆ. ಅವನ ಮೇಲೆ ಅಪವಾದ ಬೇಡ." ಆಮೇಲೆ ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಇವರಿಗೆ ಎಡಗಣ್ಣು ಕಾಣಲ್ಲ, ಬಲಗಣ್ಣೂ ಮಂಜು. ಒಂದು ವರ್ಷದ ಮೇಲಾಯ್ತು. ನಾನೂ ಮುಚ್ಚಿಟ್ಟೆ. ಆ ಗೀರು ಒಂದೂ ಇವಳದ್ದಲ್ಲ," ಎಂದರು.

ಗಂಡನ ಮುಖ ಬಾಡಿತು. "ಅಮ್ಮ, ಹಾಗಾದ್ರೆ ಆ ಡಬ್ಬಿ..."

"ಡಬ್ಬಿ ನಂದು," ಎಂದರು ಮಾವ.

ಮಗನಿಗೆ ಹೇಳಿದ್ದಲ್ಲ ಅದು. ಸೊಸೆ ಎಲ್ಲಿದ್ದಾಳೆಂದು ಕತ್ತು ಪೂರ್ತಿ ಎಡಕ್ಕೆ ಹೊರಳಿಸಿ, ಹುಡುಕಿ, ಅವಳ ಮುಖ ಸಿಕ್ಕ ಮೇಲೆ ಇನ್ನೊಂದು ಸಲ ಹೇಳಿದರು. "ಡಬ್ಬಿ ನಂದು ಕಣಮ್ಮ. ಬಿಳಿ ಅಂತಲೇ ಕೇಳಿ ತಂದಿದ್ದೆ."

"ಗೊತ್ತು ಮಾವ."

"ಯಾವಾಗಿಂದ?"

"ಮಂಗಳವಾರದಿಂದ."

"ಮತ್ತೆ ಹೇಳ್ಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ," ಎಂದಳು ಸೊಸೆ. ಧ್ವನಿಯಲ್ಲಿ ಸಿಟ್ಟು ಹಾಗೇ ಇತ್ತು, ಅದನ್ನು ಮರೆಮಾಚುವ ಗೋಜಿಗೆ ಅವಳು ಹೋಗಲಿಲ್ಲ.

ಅತ್ತೆ ಮಾವನ ಅಂಗಿ ಜೇಬಿಗೆ ಕೈ ಹಾಕಿ ಕೀ ತೆಗೆದರು. ಮಾವನ ಕೈ ಜೇಬಿನ ತನಕ ಏರಿತು. ಅಲ್ಲೇ ನಿಂತಿತು. ಅತ್ತೆ ಕೀಯನ್ನು ಸೊಸೆಯ ಅಂಗೈಯಲ್ಲಿಟ್ಟರು. ಆಮೇಲೆ ಎಡಗಡೆ ಮುಂದಿನ ಬಾಗಿಲು ತೆರೆದು ಹಿಡಿದು ಮಾವನಿಗೆ, "ಹದಿನಾಲ್ಕು ತಿಂಗಳು ನಾನು ಕೂತೆ. ಇನ್ನು ನೀವು ಕೂತ್ಕೊಳ್ಳಿ," ಎಂದರು. ತಾವು ಹಿಂದೆ ಹತ್ತಿದರು.

ಹೊರಡುವ ಮೊದಲು ಮಾವ ಕಿಟಕಿಯಿಂದ ಪೇಂಟರನ್ನು ಕರೆದರು. "ಕಳ್ಳ ಅಂದದ್ದು ತಪ್ಪಾಯ್ತಪ್ಪ."

"ಬಿಡಿ ಮೇಷ್ಟ್ರೇ. ನಮ್ಮಮ್ಮ ಪೊರೆ ಆಪರೇಷನ್ ಮಾಡಿಸ್ಕೊಂಡಿದ್ದು ನಲವತ್ತು ನಿಮಿಷ. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿದ್ರು. ಕೇಳಿ ನೋಡಿ."

ಸೊಸೆ ಓಡಿಸಿದಳು. ಅತ್ತೆ ಬಾಯಿ ಬಿಗಿ ಹಿಡಿದು ಕೂತಿದ್ದರು. ಎಡಗಡೆ ಸೈಕಲ್ಲು ಬಂತು, ತರಕಾರಿ ಗಾಡಿ ಬಂತು, ಯಾರೂ ಕೂಗಲಿಲ್ಲ, ಏನೂ ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ಗಂಡ, "ನಾನು ಆ ದಿನ ಹಾಗೆ ನೋಡ್ಬಾರ್ದಾಗಿತ್ತು," ಎಂದು ಅವಳ ಕತ್ತಿನ ಹಿಂಭಾಗಕ್ಕೆ ಹೇಳಿದ. "ಮನೆಗೆ ಹೋಗಿ ಅನ್ನಕ್ಕಿಡಿ. ನೀರು ಕಡಿಮೆ ಹಾಕಿ," ಎಂದಳು ಅವಳು ರಸ್ತೆಯಿಂದ ಕಣ್ಣು ತೆಗೆಯದೆ.

ಮನೆಯ ಗೇಟು ಬಂತು. ಎಡಗಡೆಯ ಕಂಬದ ಮೇಲೆ ಸೊಂಟದ ಮಟ್ಟಕ್ಕೆ ಬಿಳಿ ಬಣ್ಣದ ಉಜ್ಜು ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು. ಸೊಸೆ ವೇಗ ತಗ್ಗಿಸಿ ತಿರುಗಿಸಿದಳು. ಮಾವ ಕಿಟಕಿಯಿಂದ ಕೈ ಹೊರಗೆ ಚಾಚಿದರು. ಪೇಂಟರ್ ಬಟ್ಟೆಯ ಮೇಲೆ ಸವರಿದ ಹಾಗೆ ಅವರ ಅಂಗೈ ಕಂಬವನ್ನು ಸವರುತ್ತ ಹಿಂದಕ್ಕೆ ಹೋಯಿತು.

"ಇನ್ನೂ ಒಂದು ಗೇಣು ಜಾಗ ಇದೆ. ಹೋಗು," ಎಂದರು.

ಕಾರು ಒಳಗೆ ಬಂದು ನಿಂತಿತು. ಸೊಸೆ ಎಂಜಿನ್ ಆರಿಸಿದಳು. ಮಾವ ಇಳಿಯಲಿಲ್ಲ. ಕಂಬದ ಧೂಳು ಹತ್ತಿದ ಅಂಗೈಯನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿಕೊಂಡರು.

"ಇಷ್ಟು ಜಾಗ ಯಾವಾಗ್ಲೂ ಇತ್ತಾ?" ಎಂದು ಕೇಳಿದರು.

"ಯಾವಾಗ್ಲೂ ಇತ್ತು ರೀ," ಎಂದರು ಹಿಂದಿನಿಂದ ಅತ್ತೆ.